ಅಕ್ವೇರಿಯಂಗೆ ಮರದ ಸ್ಟ್ಯಾಂಡ್: ಭಾರ ಎಷ್ಟು, ಮರ ಯಾವುದು, ಜೋಡಿಸುವುದು ಹೇಗೆ?

ಬಟ್ಟೆ ಅಂಗಡಿಯ ಕ್ಯಾಶ್ ಕೌಂಟರ್ ಪಕ್ಕ, ಸೆಲೂನಿನ ಮೂಲೆ, ಹೋಟೆಲಿನ ಕೈ ತೊಳೆಯುವ ಬೇಸಿನ್ ಹತ್ತಿರ, ಮನೆ ಚಾವಡಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಅಕ್ವೇರಿಯಂ ಕಾಣದ ಪೇಟೆ ಈಗ ಇಲ್ಲ. ಟ್ಯಾಂಕು, ಮೀನು, ಮೋಟಾರು, ಲೈಟು ಎಲ್ಲ ಆರಿಸಿ ತಂದಾದ ಮೇಲೆ "ಇನ್ನು ಇಡೂದ್ ಎಲ್ಲಿ?" ಅಂತ ಕೇಳುವಾಗ ಹಳೆ ಟಿವಿ ಮೇಜು ನೆನಪಾಗುತ್ತದೆ. ಇಲ್ಲದಿದ್ದರೆ ಪುಸ್ತಕದ ಕಪಾಟು, ಅದೂ ಇಲ್ಲದಿದ್ದರೆ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡು. ತಪ್ಪಾಗುವುದು ಅಲ್ಲೇ.

ಟಿವಿ ಮೇಜು ಹೊರುವುದು ಹತ್ತು-ಹದಿನೈದು ಕೆಜಿ. ಮೂರಡಿಯ ಟ್ಯಾಂಕು ನೀರು ತುಂಬಿ ನಿಂತರೆ ಮೂರೂವರೆ ಚೀಲ ಸಿಮೆಂಟಿನ ಭಾರ. ಆ ಭಾರ ಹಗಲೂ ರಾತ್ರಿ ಇಳಿಯುವುದಿಲ್ಲ, ಮೇಲಿಂದ ದಿನಾ ನಾಲ್ಕು ಹನಿ ನೀರೂ ಚೆಲ್ಲುತ್ತದೆ. ಕಾಲು ಸೋತು ಟ್ಯಾಂಕು ಒಂದು ಬದಿಗೆ ಮಾಲಿದರೆ ನೂರಿಪ್ಪತ್ತು ಲೀಟರ್ ನೀರು, ಗಾಜಿನ ಚೂರು, ಕೆಳಗಿರುವ ಎಕ್ಸ್‌ಟೆನ್ಷನ್ ಬೋರ್ಡು ಎಲ್ಲ ಒಟ್ಟಿಗೆ ನೆಲಕ್ಕೆ ಬರುತ್ತವೆ. ಮೀನು ಕಾಣಲಿಕ್ಕೆ ಗಾಜಿಗೆ ಮೂಗು ಒತ್ತಿ ನಿಲ್ಲುವುದು ಮನೆಯ ಮಕ್ಕಳೇ ಎನ್ನುವುದನ್ನು ಮರೆಯಬಾರದು.

ಮನೆಯಲ್ಲೇ ಮಾಡಿಕೊಳ್ಳುವವರಿಗೂ, ಆಚಾರ್ರ ಹತ್ತಿರ ಮಾಡಿಸುವವರಿಗೂ ಬೇಕಾದ ಲೆಕ್ಕ, ಮರದ ಆಯ್ಕೆ, ಅಳತೆ ಇಲ್ಲಿದೆ. ಎಲ್ಲದರಲ್ಲೂ ನೆನಪಿಡಬೇಕಾದ ಮಾತು ಒಂದೇ: ಭಾರ ಮರದ ಮೇಲೆ ಕೂರಬೇಕು, ಸ್ಕ್ರೂ ಮೇಲೆ ನೇತಾಡಬಾರದು.

ಮೊದಲು ಭಾರದ ಲೆಕ್ಕ

ಒಂದು ಘನ ಅಡಿ ಜಾಗದಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ 28.3ರಿಂದ ಮತ್ತೆ ಗುಣಿಸಿದರೆ ನೀರಿನ ಭಾರ ಸಿಕ್ಕಿತು. ಮರದ ಮಿಲ್ಲಿನಲ್ಲಿ ಸಿಎಫ್‌ಟಿ ಲೆಕ್ಕ ಮಾಡಿ ಗೊತ್ತಿದ್ದವರಿಗೆ ಇದು ಬಾಯಿಲೆಕ್ಕ.

ಉದಾಹರಣೆಗೆ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು. ಒಟ್ಟು ನಾಲ್ಕೂವರೆ ಘನ ಅಡಿ, ಅಂದರೆ ಬಾಯಿಮಟ್ಟ ತುಂಬಿದರೆ 127 ಲೀಟರ್. ಮೇಲೆ ಒಂದಿಂಚು ಖಾಲಿ ಬಿಟ್ಟರೆ 120. ಗಾಜಿನ ಭಾರ ಬೇರೆ: 8 ಮಿ.ಮೀ ದಪ್ಪದ ಗಾಜು ಒಂದು ಚದರ ಮೀಟರಿಗೆ 20 ಕೆಜಿ ತೂಗುತ್ತದೆ. ಈ ಟ್ಯಾಂಕಿಗೆ 15 ಚದರ ಅಡಿ ಗಾಜು ಬೇಕು, ಅದರ ತೂಕ 28 ಕೆಜಿ. ಅಡಿಗೆ ಎರಡಿಂಚು ಜಲ್ಲಿ ಹಾಸಿದರೆ ಇನ್ನೊಂದು 20-22 ಕೆಜಿ. ಆ ಜಲ್ಲಿ ಏಳೆಂಟು ಲೀಟರ್ ನೀರಿನ ಜಾಗ ತಿನ್ನುವುದರಿಂದ ಅಷ್ಟನ್ನು ಕಳೆಯಬಹುದು. ಮುಚ್ಚಳ, ಫಿಲ್ಟರು, ಚಂದಕ್ಕಿಟ್ಟ ಕಲ್ಲು ಸೇರಿಸಿದರೆ ಸುಮಾರು 170 ಕೆಜಿ.

ಇದೇ ಲೆಕ್ಕದಲ್ಲಿ 2×1×1 ಅಡಿಯ ಸಣ್ಣ ಟ್ಯಾಂಕು ಹತ್ತಿರ ಹತ್ತಿರ 75 ಕೆಜಿ ಆಗುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು 10 ಮಿ.ಮೀ ಗಾಜಿನಲ್ಲಿ 330 ಕೆಜಿ ಮುಟ್ಟುತ್ತದೆ. ಮೂರಡಿಯಿಂದ ನಾಲ್ಕಡಿಗೆ ಹೋಗುವಾಗ ಉದ್ದ ಒಂದೇ ಅಡಿ ಹೆಚ್ಚಿದರೂ ಅಗಲವೂ ಹೆಚ್ಚುವುದರಿಂದ ಭಾರ ಹೆಚ್ಚುಕಡಿಮೆ ಇಮ್ಮಡಿ. "ಸ್ವಲ್ಪ ದೊಡ್ಡದ್ ತಕಂಬ" ಅಂತ ಅಂಗಡಿಯಲ್ಲಿ ನಿಂತು ಮನಸ್ಸು ಬದಲಿಸುವವರು ಸ್ಟ್ಯಾಂಡನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.

ಯಾವ ಮರ?

ನಮ್ಮ ಕಡೆ ಸ್ಟ್ಯಾಂಡು ಹಾಳಾಗುವುದು ಭಾರಕ್ಕಿಂತ ಹೆಚ್ಚಾಗಿ ಪಸೆಯಿಂದ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಆಸಾಡಿಯಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಚಪ್ಪಲಿಗೆ ಬೂಷ್ಟು ಹಿಡಿಯುವುದು ಎಲ್ಲರ ಮನೆಯ ಕಥೆ. ಸ್ಟ್ಯಾಂಡಿಗೆ ಅದರ ಜೊತೆ ಟ್ಯಾಂಕಿನ ನೀರೂ ಸೇರುತ್ತದೆ.

ಹಾಗಾಗಿ ಮೊದಲು ಬೇಡದ್ದನ್ನು ಹೇಳಿಬಿಡುವುದು ಒಳ್ಳೆಯದು. ಪಾರ್ಟಿಕಲ್ ಬೋರ್ಡು ಮತ್ತು ಎಂಡಿಎಫ್ ಬೇಡ. ರೆಡಿಮೇಡ್ ಮೇಜು, ಕಪಾಟುಗಳಲ್ಲಿ ಹೆಚ್ಚಿನವು ಇವುಗಳದ್ದೇ. ಮೇಲಿನ ಹೊದಿಕೆ ಮರದ ಹಾಗೆ ಕಂಡರೂ ಒಳಗೆ ಹೊಟ್ಟು ಮತ್ತು ಗೋಂದು. ಸ್ಕ್ರೂ ತೂತಿನಿಂದಲೋ ಅಂಚಿನಿಂದಲೋ ನೀರು ಒಳಗೆ ಹೋದರೆ ಬಿಸ್ಕೆಟಿನ ಹಾಗೆ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನ ಬಲಕ್ಕೆ ಬರುವುದಿಲ್ಲ.

ಗಟ್ಟಿ ಮರದಲ್ಲಿ ನಮ್ಮ ಊರಿಗೆ ಹೇಳಿ ಮಾಡಿಸಿದ್ದು ಹಲಸು. ಹಳದಿ ಕಾವಿನ ಭಾಗ ಒರಲೆಗೆ ಬೇಗ ಸೋಲುವುದಿಲ್ಲ, ಕೆಲಸಕ್ಕೂ ಸುಲಭ. ಹೊರಗಿನ ಬಿಳಿ ಭಾಗವನ್ನು ಮಾತ್ರ ತೆಗೆಸಿ. ಹೆಬ್ಬಲಸು ಸಿಕ್ಕಿದರೆ ಇನ್ನೂ ಒಳ್ಳೆಯದು, ದೋಣಿಗೆ ಬಳಸುತ್ತಿದ್ದ ಮರ ಅದು. ಸಾಗುವಾನಿ ಚೆನ್ನಾಗಿರುತ್ತದೆ, ಮಳೆಗಾಲದಲ್ಲೂ ಹೆಚ್ಚು ಅಲುಗಾಡುವುದಿಲ್ಲ. ಆದರೆ ಮೀನಿನ ಸ್ಟ್ಯಾಂಡಿಗೆ ಅಷ್ಟು ದುಡ್ಡು ಸುರಿಯುವ ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅಕೇಶಿಯಾ ಗಟ್ಟಿಯೇ, ಕರಾವಳಿಯಲ್ಲಿ ಬೇಕಾದಷ್ಟು ಸಿಗುತ್ತದೆ ಕೂಡ. ಸರಿಯಾಗಿ ಒಣಗದಿದ್ದರೆ ಸೀಳುತ್ತದೆ, ತಿರುಚುತ್ತದೆ. ಮಾವು ಅಗ್ಗ, ಆದರೆ ಕುಟ್ಟೆ ಹುಳಕ್ಕೆ ಪ್ರಿಯ. ರಬ್ಬರ್ ಮರ ಔಷಧಿ ಕೊಟ್ಟದ್ದಾದರೆ ಒಣ ಜಾಗದ ಪೀಠೋಪಕರಣಕ್ಕೆ ಸರಿ, ನೀರಿನ ಹತ್ತಿರ ನಂಬಿ ಕೂರುವ ಹಾಗಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಮರ ಹಲವರ ಕೊಟ್ಟಿಗೆಯ ಅಟ್ಟದಲ್ಲೇ ಬಿದ್ದಿರಬಹುದು. ಹೆಂಚಿನ ಮನೆ ಕಿತ್ತು ಸ್ಲ್ಯಾಬ್ ಹಾಕುವಾಗ ಉಳಿದ ಬೋಗಿ, ಹಲಸು, ಮತ್ತಿಯ ಪಕ್ಕಾಸುಗಳು. ಐವತ್ತು ವರ್ಷ ಮಾಡಿನಲ್ಲಿದ್ದು ಒಣಗಿದ ಮರ ಇನ್ನು ತಿರುಚುವುದು ಕಡಿಮೆ. ಬೋಗಿ ಅಂತೂ ಕಬ್ಬಿಣದ ಹಾಗೆ, ಡ್ರಿಲ್ ಮಾಡದೆ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ. ಮಿಲ್ಲಿಗೆ ಕೊಡುವ ಮೊದಲು ಹಳೆ ಮೊಳೆಗಳನ್ನೆಲ್ಲ ಕಿತ್ತು ಕೊಡಿ. ಗರಗಸಕ್ಕೆ ಮೊಳೆ ಸಿಕ್ಕಿದರೆ ಮಿಲ್ಲಿನವರು ಸುಮ್ಮನಿರುವುದಿಲ್ಲ. ಮರದಲ್ಲಿ ಸಣ್ಣ ಸಣ್ಣ ತೂತು ಇದ್ದು ತಟ್ಟಿದಾಗ ಹಿಟ್ಟಿನ ಹಾಗೆ ಪುಡಿ ಉದುರಿದರೆ ಅದರಲ್ಲಿ ಕುಟ್ಟೆ ಇನ್ನೂ ಜೀವಂತ ಇದೆ, ಅದನ್ನು ಬದಿಗಿಡಿ.

ಹೊಸ ಮರಕ್ಕೆ ಅಂಗಳದ ಹಲಸನ್ನೇ ಕಡಿಸುವ ಯೋಚನೆ ಇದ್ದರೆ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಒಣಗಿದೆಯಾ ಇಲ್ಲವಾ?

ಮಿಲ್ಲಿನಿಂದ ಈಗಷ್ಟೇ ಕೊಯ್ದು ತಂದ ಹಸಿ ಮರದಲ್ಲಿ ಸ್ಟ್ಯಾಂಡು ಮಾಡಿಸಿದರೆ ಮೂರು ತಿಂಗಳಲ್ಲಿ ಜೋಡಣೆ ಬಿಡುತ್ತದೆ. ನೆರಳಲ್ಲಿ ಗಾಳಿಗೆ ಒಣಗಲು ಒಂದಿಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಎಂಬುದು ಹಳೆ ಲೆಕ್ಕ. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ತುದಿ ಸೀಳುತ್ತದೆ. ನೆಲದಿಂದ ಎತ್ತರಿಸಿ, ತುಂಡು ತುಂಡಿನ ನಡುವೆ ರೀಪು ಕೊಟ್ಟು ಪೇರಿಸಿಡಬೇಕು.

ಒಣಗಿದ್ದನ್ನು ತಿಳಿಯಲು ಯಂತ್ರ ಬೇಡ, ದಿನಸಿ ಅಂಗಡಿಯ ತಕ್ಕಡಿ ಸಾಕು. ಒಂದು ತುಂಡನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಿತೆಂದರೆ ನಮ್ಮ ಊರಿನ ಗಾಳಿಗೆ ಅದು ಹೊಂದಿಕೊಂಡಿತು ಎಂದರ್ಥ. ಇದನ್ನು ಬೇಸಿಗೆಯಲ್ಲೇ ನೋಡಬೇಕು, ಮಳೆಗಾಲದಲ್ಲಿ ತೂಕ ನಿಂತರೆ ಅದು ಒಣಗಿದ್ದಕ್ಕಲ್ಲ. ಮರ ಉದ್ದಕ್ಕೆ ಹಿಗ್ಗುವುದು ಬಹಳ ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದಲೇ ಮೇಲಿನ ಹಾಸಿಗೆ ಒಂದಡಿ ಅಗಲದ ಒಂದೇ ಹಲಗೆ ಬೇಡ. ಅದು ದೋಣಿಯ ಹಾಗೆ ಬಗ್ಗುತ್ತದೆ, ಟ್ಯಾಂಕಿನ ತಳದ ಗಾಜಿಗೆ ಅದು ಒಳ್ಳೆಯದಲ್ಲ. ಅಲ್ಲಿಗೆ ಪ್ಲೈವುಡ್ಡೇ ಸರಿ.

ಪ್ಲೈವುಡ್ ಅಂಗಡಿಯಲ್ಲಿ "ವಾಟರ್‌ಪ್ರೂಫ್ ಕೊಡಿ" ಅಂತ ಕೇಳುವ ಬದಲು ಶೀಟಿನ ಮೇಲಿನ ಐಎಸ್‌ಐ ಗುರುತಿನ ಹತ್ತಿರದ ನಂಬರು ನೋಡಿ. ಐಎಸ್ 303 ಎಂದಿದ್ದು ಎಂಆರ್ ದರ್ಜೆ ಆದರೆ ಅದು ಗಾಳಿಯ ಪಸೆ ತಡೆಯುವುದು ಮಾತ್ರ. ಐಎಸ್ 710 ಎಂದಿದ್ದರೆ ಅದು ಮೆರೈನ್ ಪ್ಲೈ. ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಪದರ ಬಿಡಬಾರದು ಎಂಬುದು ಅದಕ್ಕಿರುವ ಪರೀಕ್ಷೆ. ಮೇಲಿನ ಹಾಸಿಗೆ 710 ಹಾಕಿ.

ಮೂರಡಿ ಟ್ಯಾಂಕಿನ ಸ್ಟ್ಯಾಂಡು: ಅಳತೆ ಸಮೇತ

ಮೇಲೆ ಲೆಕ್ಕ ಹಾಕಿದ 3×1×1.5 ಅಡಿ ಟ್ಯಾಂಕಿಗೇ ಸ್ಟ್ಯಾಂಡು ಮಾಡುವ. ಒಟ್ಟು ಎತ್ತರ 30 ಇಂಚು ಇರಲಿ. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಮೀನು ಸರಿಯಾಗಿ ಕಾಣುವ ಎತ್ತರ ಅದು. ಇನ್ನೂ ಎತ್ತರ ಮಾಡಿದರೆ ತಲೆಭಾರ.

ಮೇಲಿನ ಚೌಕಟ್ಟು ಹೊರ ಅಳತೆಯಲ್ಲಿ 37×13 ಇಂಚು, ಅಂದರೆ ಟ್ಯಾಂಕಿಗಿಂತ ಸುತ್ತಲೂ ಅರ್ಧ ಇಂಚು ಹೆಚ್ಚು. 3×2 ಇಂಚಿನ ಪಟ್ಟಿಗಳನ್ನು ಬಳಸಿ: 37 ಇಂಚಿನವು ಎರಡು, ಅವುಗಳ ನಡುವೆ 9 ಇಂಚಿನವು ಮೂರು (ಎರಡು ತುದಿಗೆ, ಒಂದು ಮಧ್ಯಕ್ಕೆ). ಹೀಗೆ ಮಾಡಿದರೆ ಟ್ಯಾಂಕಿನ ನಾಲ್ಕೂ ಅಂಚು ಪಟ್ಟಿಯ ಮೇಲೆಯೇ ಬರುತ್ತದೆ. ಗಾಜಿನ ಗೋಡೆಗಳ ಭಾರ ಇಳಿಯುವುದು ಅಂಚಿನಲ್ಲೇ, ಹಾಗಾಗಿ ಅಂಚಿನ ಕೆಳಗೆ ಮರ ಇರಲೇಬೇಕು.

ಪಟ್ಟಿಯನ್ನು ನಿಲ್ಲಿಸಿ ಹಾಕಬೇಕು: 3 ಇಂಚು ಎತ್ತರಕ್ಕೆ, 2 ಇಂಚು ಅಗಲಕ್ಕೆ. ಅದೇ ಪಟ್ಟಿಯನ್ನು ಮಲಗಿಸಿ ಹಾಕಿದರೆ ಅದೇ ಭಾರಕ್ಕೆ ಎರಡೂಕಾಲು ಪಟ್ಟು ಹೆಚ್ಚು ಬಗ್ಗುತ್ತದೆ. ಮಾಡಿನ ಪಕ್ಕಾಸನ್ನು ಯಾರೂ ಮಲಗಿಸಿ ಇಡುವುದಿಲ್ಲವಲ್ಲ, ಅದೇ ಕಾರಣ. ನಿಲ್ಲಿಸಿ ಹಾಕಿದ 3×2ರ ಗಟ್ಟಿ ಮರ ಈ ಟ್ಯಾಂಕಿನ ಭಾರಕ್ಕೆ ಅರ್ಧ ಮಿಲಿಮೀಟರೂ ಬಗ್ಗುವುದಿಲ್ಲ. ನಾಲ್ಕಡಿ ಟ್ಯಾಂಕಿಗೆ ಅದೇ ಪಟ್ಟಿ ಹಾಕಿದರೆ ಸುಮಾರು 2 ಮಿಲಿಮೀಟರ್ ಬಗ್ಗುತ್ತದೆ. ಗಾಜಿನ ತಳಕ್ಕೆ ಅದು ಹೆಚ್ಚಾಯಿತು. ನಾಲ್ಕಡಿಗೆ 4 ಇಂಚು ಎತ್ತರದ ಪಟ್ಟಿ ಹಾಕಿ, ಇಲ್ಲವೇ ಮಧ್ಯದಲ್ಲಿ ಮುಂದೊಂದು ಹಿಂದೊಂದು ಕಾಲು ಕೊಡಿ.

ಈಗ ಕಾಲು. 3×3 ಇಂಚಿನವು ನಾಲ್ಕು, ಉದ್ದ 26¼ ಇಂಚು. ಈ ಕಾಲುಗಳು ಮೇಲಿನ ಚೌಕಟ್ಟಿನ ನಾಲ್ಕು ಮೂಲೆಯ ಕೆಳಗೆ ನೇರವಾಗಿ ನಿಲ್ಲಬೇಕು. ಚೌಕಟ್ಟು ಕಾಲಿನ ತಲೆಯ ಮೇಲೆ ಕೂತಿರಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಮೇಜು ಮಾಡುವ ಅಭ್ಯಾಸದಲ್ಲಿ ಕಾಲನ್ನು ಮೇಲಿನವರೆಗೆ ತಂದು, ಪಟ್ಟಿಯನ್ನು ಕಾಲಿನ ಬದಿಗೆ ಇಟ್ಟು ಸ್ಕ್ರೂ ಹೊಡೆಯುತ್ತಾರೆ. ಆಗ 170 ಕೆಜಿ ನಿಂತಿರುವುದು ಎಂಟು ಸ್ಕ್ರೂಗಳ ಮೇಲೆ. ಸ್ಕ್ರೂ ತುಂಡಾಗುವುದು ಅಪರೂಪ. ಆದರೆ ಮಳೆಗಾಲ ಬೇಸಿಗೆ ಅಂತ ಮರ ಹಿಗ್ಗಿ ಕುಗ್ಗಿ ತೂತು ಸಡಿಲಾಗುತ್ತದೆ, ಕಬ್ಬಿಣದ ಸ್ಕ್ರೂ ಆದರೆ ತುಕ್ಕು ಸುತ್ತಲಿನ ಮರವನ್ನೂ ತಿನ್ನುತ್ತದೆ. ಪಟ್ಟಿ ಒಂದು ಮೂಲೆಯಲ್ಲಿ ಒಂದೆರಡು ಮಿಲಿಮೀಟರ್ ಇಳಿದರೆ ಸಾಕು, ಟ್ಯಾಂಕಿನ ಸಿಲಿಕಾನ್ ಜೋಡಣೆಗೆ ತಿರುಚುವ ಒತ್ತಡ ಬೀಳುತ್ತದೆ.

ಹಳೆ ಕೆಲಸ ಬಲ್ಲ ಆಚಾರ್ರು ಪಟ್ಟಿಯ ತುದಿಯನ್ನು ನಾಲಗೆಯ ಹಾಗೆ ಕೆತ್ತಿ ಕಾಲಿನ ತೂತಿಗೆ ಕೂರಿಸಿ ಕೊಡುತ್ತಾರೆ. ಅದು ಧಾರಾಳ ಸಾಕು, ಅಲ್ಲಿ ಭಾರ ಮರದ ಮೇಲೆಯೇ ಇರುತ್ತದೆ. ಆ ಕೆಲಸ ಬರದ ನಾವು ನೀವು ಮಾಡುವಾಗ ಚೌಕಟ್ಟನ್ನು ಕಾಲಿನ ತಲೆಯ ಮೇಲೆ ಕೂರಿಸುವುದೇ ಕ್ಷೇಮ. "ಇಷ್ಟ್ ಮರ ಎಂತಕ್ಕೆ ಮರಾಯ್ರೆ, ಮೀನಿಗಾ ಆನೆಗಾ?" ಅಂತ ಯಾರಾದರೂ ಕೇಳಿದರೆ ಮೇಲಿನ 170 ಕೆಜಿಯ ಲೆಕ್ಕ ತೋರಿಸಿ.

ಕೆಳಗಿನ ಚೌಕಟ್ಟು ನೆಲದಿಂದ 5 ಇಂಚು ಮೇಲೆ. 31 ಇಂಚಿನ ಪಟ್ಟಿ ಎರಡು, 7 ಇಂಚಿನವು ಎರಡು, ಕಾಲು ಕಾಲಿನ ನಡುವೆ. ಇದರ ಮೇಲೆ ಬರುವುದು ಮೀನಿನ ಆಹಾರದ ಡಬ್ಬಿ, ಬಲೆ, ಪೈಪು ಅಷ್ಟೇ, ಆದ್ದರಿಂದ ಇಲ್ಲಿ ಸ್ಕ್ರೂ ಜೋಡಣೆ ಸಾಕು. ನೆಲ ಒರೆಸುವ ಬಟ್ಟೆ ಕೆಳಗೆ ಆಡಬೇಕು, ಗಾಳಿಯೂ ಆಡಬೇಕು. ಅದಕ್ಕೇ 5 ಇಂಚು.

ಇಷ್ಟಾದರೆ ಸ್ಟ್ಯಾಂಡು ಭಾರ ಹೊರುತ್ತದೆ, ಆದರೆ ಬದಿಯಿಂದ ದೂಡಿದರೆ ತೂಗಾಡುತ್ತದೆ. ನಾಲ್ಕು ಕಾಲು ಮಾತ್ರ ಇರುವ ಯಾವ ಮೇಜೂ ಹೀಗೆಯೇ. ಅದನ್ನು ನಿಲ್ಲಿಸುವುದು ಹಿಂಬದಿ ಮತ್ತು ಎರಡು ಬದಿಯ ಪ್ಲೈವುಡ್. 12 ಮಿ.ಮೀ ಪ್ಲೈಯನ್ನು ಹಿಂಬದಿಗೆ 37×24 ಇಂಚು, ಬದಿಗಳಿಗೆ 13×24 ಇಂಚು ಕೊಯ್ಸಿ. ಮೇಲಿನ ಪಟ್ಟಿ, ಕಾಲು, ಕೆಳಗಿನ ಪಟ್ಟಿ ಮೂರಕ್ಕೂ ಗೋಂದು ಹಚ್ಚಿ ನಾಲ್ಕಿಂಚಿಗೊಂದು ಸ್ಕ್ರೂ ಹಾಕಿ. ಚೌಕಟ್ಟು ಕಾಲಿನ ಮೇಲಿಂದ ಜಾರದ ಹಾಗೆ ಹಿಡಿಯುವುದೂ ಇದೇ ಪ್ಲೈ. ಎಂಟಡಿ ಉದ್ದ ಎರಡಡಿ ಅಗಲದ ಅರ್ಧ ಶೀಟಿನಲ್ಲಿ ಹಿಂಬದಿ, ಎರಡು ಬದಿ, ಕೆಳಗಿನ 31×13ರ ತಟ್ಟೆ ಎಲ್ಲ ಮುಗಿಯುತ್ತದೆ. ಪೈಪು, ವಯರು ಹೋಗಲು ಹಿಂಬದಿಯಲ್ಲಿ ಎರಡಿಂಚಿನ ಒಂದೆರಡು ತೂತು ಸಾಕು. ದೊಡ್ಡ ಕಿಟಕಿ ಕೊಯ್ದರೆ ಬಲ ಹೋಯಿತು.

ಮೇಲಿನ ಹಾಸು 18 ಮಿ.ಮೀ, 37×13 ಇಂಚು. ಮುಂದಿನ ಬಾಗಿಲು ನಿಮ್ಮ ಇಷ್ಟ, ಆದರೆ ಸುತ್ತ 3 ಮಿ.ಮೀ ಸಂದು ಬಿಡದಿದ್ದರೆ ಜೂನ್‌ನಲ್ಲಿ ಮುಚ್ಚಿದ ಬಾಗಿಲು ಸೆಪ್ಟೆಂಬರ್‌ನಲ್ಲೇ ತೆಗೆಯಬೇಕಾದೀತು.

ಗಟ್ಟಿ ಮರದ ಲೆಕ್ಕ ಕೂಡಿದರೆ 1.16 ಸಿಎಫ್‌ಟಿ ಬರುತ್ತದೆ. ಕೊಯ್ಯುವಾಗ, ಕೀಸುವಾಗ ಹೋಗುವುದನ್ನು ಸೇರಿಸಿ ಒಂದೂವರೆ ಸಿಎಫ್‌ಟಿ ತನ್ನಿ. ಮೂರು ಸಿಎಫ್‌ಟಿ ಬೇಕು ಅಂತ ಯಾರಾದರೂ ಹೇಳಿದರೆ ಉಳಿದದ್ದರಲ್ಲಿ ಎಂತ ಮಾಡ್ತೀರಿ ಅಂತ ಕೇಳಿ.

ಸ್ಕ್ರೂ, ಗೋಂದು, ಬಣ್ಣ

ಗಂಗೊಳ್ಳಿ, ಕೋಡಿ, ಹಂಗಾರಕಟ್ಟೆ, ಮರವಂತೆ, ಉಪ್ಪುಂದದ ಕಡಲ ಬದಿಯವರಿಗೆ ಇದನ್ನು ಹೇಳಬೇಕಾಗಿಲ್ಲ: ಉಪ್ಪು ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಪಟ್ಟಿಗೆ ಎರಡೂವರೆಯಿಂದ ಮೂರಿಂಚಿನದ್ದು, ಪ್ಲೈಗೆ ಒಂದೂವರೆ ಇಂಚಿನದ್ದು. ಹಲಸು, ಬೋಗಿಗೆ ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಕೊರೆದು, ಸ್ಕ್ರೂಗೆ ಚೂರು ಸೋಪು ಸವರಿ ತಿರುಗಿಸಿ, ಇಲ್ಲದಿದ್ದರೆ ತಲೆ ಕಿತ್ತು ಬರುತ್ತದೆ. ಗೋಂದು ನೀರು ತಡೆಯುವುದೇ ಆಗಬೇಕು. ಸಾಮಾನ್ಯ ಬಿಳಿ ಫೆವಿಕಾಲ್ ಬೇರೆ, ಫೆವಿಕಾಲ್ ಮೆರೈನ್ ಬೇರೆ.

ಜೋಡಿಸುವಾಗ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿಯಾಗಿದೆ. ಮೂಲೆಮಟ್ಟ ಇಲ್ಲದವರಿಗೂ ಈ ಉಪಾಯ ಸಾಕು.

ಬಣ್ಣದ ವಿಷಯದಲ್ಲಿ ಕಾಣುವ ಬದಿಗಿಂತ ಕಾಣದ ಬದಿ ಮುಖ್ಯ. ಕಾಲಿನ ಅಡಿ, ಪ್ಲೈಯ ಕೊಯ್ದ ಅಂಚು, ಪೈಪಿನ ತೂತಿನ ಒಳಸುತ್ತು, ಮೇಲಿನ ಹಾಸಿನ ಕೆಳಮೈ, ನೀರು ಹೀರುವುದು ಇವೇ. ಪ್ರೈಮರ್ ಒಂದು ಕೋಟು, ಎನಾಮಲ್ ಎರಡು ಕೋಟು, ಕೊಯ್ದ ಅಂಚಿಗೆ ಮೂರು. ಮಳೆಗಾಲದಲ್ಲಿ ಬಣ್ಣ ಒಣಗುವುದು ನಿಧಾನ, ಅಂಟಂಟು ಉಳಿಯುತ್ತದೆ. ಆದ್ದರಿಂದ ಈ ಕೆಲಸ ನವೆಂಬರ್‌ನಿಂದ ಮೇ ಒಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.

ಒರಲೆಗೆ ನಮ್ಮ ಹಿರಿಯರು ಗೇರೆಣ್ಣೆ ಹಚ್ಚುತ್ತಿದ್ದರು. ಗೇರುಬೀಜದ ಫ್ಯಾಕ್ಟರಿಗಳು ಇರುವ ಊರಲ್ಲಿ ಅದು ಸಿಗುವುದು ಕಷ್ಟವಲ್ಲ. ಪಕ್ಕಾಸಿಗೆ ಒಳ್ಳೆಯ ಔಷಧಿಯೇ ಅದು. ಆದರೆ ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ವಾಸನೆ ಬೇರೆ. ಟ್ಯಾಂಕಿನ ಹತ್ತಿರ ಬೇಡ, ಹಚ್ಚಲೇಬೇಕೆಂದರೆ ಕಾಲಿನ ಅಡಿಗೆ ಮಾತ್ರ ಹಚ್ಚಿ ವಾರಗಟ್ಟಲೆ ಹೊರಗೆ ಒಣಗಿಸಿ. ಅಂಗಡಿಯಲ್ಲಿ ಸಿಗುವ ಗೆದ್ದಲಿನ ಔಷಧಿಯನ್ನಂತೂ ಸ್ಟ್ಯಾಂಡು ಇಟ್ಟಾದ ಮೇಲೆ ಸಿಂಪಡಿಸಲೇಬೇಡಿ. ಕ್ಲೋರ್‌ಪೈರಿಫಾಸ್ ತರಹದ್ದು ನೀರಿಗೆ ಚೂರು ಸೇರಿದರೂ ಮೀನು ಸಾಯುತ್ತದೆ. ಮೋಟಾರು ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆ ಎನ್ನುವುದೂ ನೆನಪಿರಲಿ. ಬೋರಿಕ್ ಪೌಡರ್ ಮತ್ತು ಬೋರಾಕ್ಸ್ ಕರಗಿಸಿದ ನೀರನ್ನು ಬಣ್ಣಕ್ಕೆ ಮೊದಲು ಮರಕ್ಕೆ ಹಚ್ಚಿ, ಒಣಗಿದ ಮೇಲೆ ಬಣ್ಣ ಹೊಡೆದರೆ ಮನೆ ಒಳಗಿನ ಸಾಮಾನಿಗೆ ಅಷ್ಟು ಸಾಕಾಗುತ್ತದೆ.

ಎಲ್ಲಿ ಇಡುವುದು?

ಕೆಳಗಿನ ಮನೆಯ ಕಾವಿ ನೆಲ, ಸಿಮೆಂಟ್ ನೆಲಕ್ಕೆ ಏನೂ ತೊಂದರೆ ಇಲ್ಲ. ಟೈಲ್ಸ್ ಆದರೆ ಕಾಲು ಬರುವ ಜಾಗದಲ್ಲಿ ನಾಣ್ಯದಿಂದ ತಟ್ಟಿ. ಪೊಳ್ಳು ಶಬ್ದ ಬಂದರೆ ಜಾಗ ಬದಲಿಸಿ. ಹಳೆ ಮನೆಯ ಮೆತ್ತಿ ಮೇಲೆ, ಮರದ ಹಲಗೆ ಹಾಸಿನ ಮೇಲೆ ಬೇಡವೇ ಬೇಡ. ಜನ ನಡೆದಾಡಿದ ಹಾಗೆ ಅದು ಅದುರುತ್ತದೆ, ನೀರೂ ಅದುರುತ್ತದೆ. ಸ್ಲ್ಯಾಬಿನ ಮೇಲಂತಸ್ತಿನಲ್ಲಿ ಇಡುವುದಾದರೆ ಗೋಡೆಯ ಅಥವಾ ಬೀಮಿನ ಪಕ್ಕ ಇಡಿ, ಕೋಣೆಯ ನಡುವೆ ಬೇಡ. ವಾಸದ ಕೋಣೆಗಳ ಸ್ಲ್ಯಾಬಿಗೆ ಐಎಸ್ 875ರಲ್ಲಿ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 200 ಕೆಜಿ. ನಾಲ್ಕಡಿಗಿಂತ ದೊಡ್ಡದಕ್ಕೆ ಎಂಜಿನಿಯರನ್ನು ಒಂದು ಮಾತು ಕೇಳುವುದರಲ್ಲಿ ನಷ್ಟ ಇಲ್ಲ.

ಕಾಲಿನ ಕೆಳಗೆ ನಾಲ್ಕಿಂಚಿನ ಗ್ರಾನೈಟ್ ತುಂಡು ಇಡಿ. ಭಾರ ಹರಡುತ್ತದೆ, ಒರೆಸಿದ ನೀರು ಮರಕ್ಕೆ ತಾಗುವುದಿಲ್ಲ, ಒರಲೆ ಬಂದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಾಣುತ್ತದೆ. ಗೋಡೆಯಿಂದ ಎರಡಿಂಚು ಬಿಟ್ಟೇ ಇಡಿ. ಒರಲೆ ಏಳುವುದು ಹೆಚ್ಚಾಗಿ ಗೋಡೆ-ನೆಲದ ಸಂದಿನಿಂದ.

ಒಂದಡಿ ಅಗಲ, ನೆಲದಿಂದ ನಾಲ್ಕಡಿ ಎತ್ತರದವರೆಗೆ ಗಾಜು. ಇಂಥದ್ದನ್ನು ಮಗು ಹತ್ತಲು ನೋಡಿದರೆ ಅಥವಾ ಅಂಗಡಿಯಲ್ಲಿ ಗಿರಾಕಿ ಒರಗಿದರೆ ಮುಂದಕ್ಕೆ ಬೀಳದ ಹಾಗೆ ಹಿಂದಿನ ಪಟ್ಟಿಯನ್ನು ಎರಡು ಎಲ್-ಕ್ಲಾಂಪಿನಿಂದ ಗೋಡೆಗೆ ಹಿಡಿಸಿ. ಕೆಂಪುಕಲ್ಲಿನ ಗೋಡೆಯಲ್ಲಿ ಸಣ್ಣ ಪ್ಲಗ್ ನಿಲ್ಲುವುದಿಲ್ಲ, ಗಾರೆ ದಾಟಿ ಕಲ್ಲಿನ ಒಳಗೆ ಎರಡು-ಮೂರು ಇಂಚು ಹೋಗುವ ಉದ್ದದ್ದೇ ಬೇಕು.

ಎಕ್ಸ್‌ಟೆನ್ಷನ್ ಬೋರ್ಡನ್ನು ಸ್ಟ್ಯಾಂಡಿನ ಒಳಗೆ ಕೆಳಗಿನ ತಟ್ಟೆಯಲ್ಲಿ ಇಡಬೇಡಿ. ಗೋಡೆಯಲ್ಲೇ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಇದ್ದರೆ ಒಳ್ಳೆಯದು. ಆಗದಿದ್ದರೆ ವಯರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮತ್ತೆ ಮೇಲೆ ಹೋಗುವ ಹಾಗೆ ಮಾಡಿ. ವಯರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಆ ಜೋತು ಬಿದ್ದಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ ಆರ್‌ಸಿಸಿಬಿ ಇರಲಿ.

ನೀರು ತುಂಬುವ ಮೊದಲು

ಟ್ಯಾಂಕು ಇಡುವ ಮೊದಲು ಸ್ಟ್ಯಾಂಡನ್ನು ಪರೀಕ್ಷೆ ಮಾಡಿ. ಅಂಗಡಿಯವರಿಗೆ ಇದು ಸುಲಭ: 50 ಕೆಜಿಯ ನಾಲ್ಕು ಅಕ್ಕಿ ಮೂಟೆ ಪೇರಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಂದಿನ ಪಟ್ಟಿಯ ಕೆಳ ಅಂಚಿಗೆ ತುದಿಯಿಂದ ತುದಿಗೆ ದಾರ ಎಳೆದು ಹಿಡಿದು ನೋಡಿ. ಮಧ್ಯದಲ್ಲಿ ಮರ ದಾರವನ್ನು ಕೆಳಗೆ ದೂಡಿದ್ದು ಕಣ್ಣಿಗೆ ಕಾಣುವ ಹಾಗಿದ್ದರೆ ಅಲ್ಲಿಗೊಂದು ಕಾಲು ಬೇಕು. ಕೈಯಿಂದ ಬದಿಗೆ ದೂಡಿ, ಕಿರುಗುಟ್ಟಿದರೆ ಪ್ಲೈಯ ಸ್ಕ್ರೂ ಬಿಗಿ ಮಾಡಿ.

ಆಮೇಲೆ ಮಟ್ಟ. ರಸಮಟ್ಟ ಇಲ್ಲದಿದ್ದರೆ ಮೇಸ್ತ್ರಿಗಳ ಹತ್ತಿರ ಇರುವ ನೀರಿನ ಲೆವೆಲ್ ಪೈಪು ಸಾಕು. ತಗ್ಗಿದ ಕಡೆ ತೆಳು ಚಕ್ಕೆ ಕೊಡುವುದು ಕಾಲಿನ ಕೆಳಗೆ, ಟ್ಯಾಂಕಿನ ಕೆಳಗೆ ಅಲ್ಲ. ಟ್ಯಾಂಕಿನ ಕೆಳಗೆ 10-12 ಮಿ.ಮೀ ಥರ್ಮಾಕೋಲ್ ಹಾಳೆ ಹಾಕಿ. ಅದು ಮರಳಿನ ಕಾಳು, ಬಣ್ಣದ ಗಂಟು ಇಂಥ ಸಣ್ಣ ಏರಿಳಿತಗಳನ್ನು ನುಂಗುತ್ತದೆ. ಓರೆಯಾದ ಸ್ಟ್ಯಾಂಡನ್ನು ಅದು ಸರಿ ಮಾಡುವುದಿಲ್ಲ. ಕೆಲವು ಕಂಪೆನಿ ಟ್ಯಾಂಕುಗಳಲ್ಲಿ ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇದ್ದು ತಳದ ಗಾಜು ಮೇಲೆ ತೇಲಿ ನಿಂತಿರುತ್ತದೆ, ಅಂಥದ್ದಕ್ಕೆ ಥರ್ಮಾಕೋಲ್ ಬೇಡ.

ನೀರನ್ನು ಒಮ್ಮೆಲೇ ತುಂಬಬೇಡಿ. ಕಾಲು ಭಾಗ ತುಂಬಿ ಮಟ್ಟ ನೋಡಿ, ಅರ್ಧ ತುಂಬಿ ಮತ್ತೆ ನೋಡಿ, ಒಂದು ದಿನ ಬಿಟ್ಟು ಉಳಿದದ್ದು. ನೀರಿಗಿಂತ ಒಳ್ಳೆಯ ಮಟ್ಟಗೋಲು ಇಲ್ಲ: ನೀರಿನ ಮೇಲ್ಮೈಯಿಂದ ಗಾಜಿನ ಬಾಯಿಗೆ ಎರಡೂ ತುದಿಯಲ್ಲಿ ಸ್ಕೇಲಿನಿಂದ ಅಳೆಯಿರಿ. ಮೂರಡಿಗೆ ಎರಡು-ಮೂರು ಮಿಲಿಮೀಟರ್ ವ್ಯತ್ಯಾಸ ಬಂದರೆ ನೀರು ಇಳಿಸಿ ಕಾಲಿನ ಕೆಳಗೆ ಚಕ್ಕೆ ಕೊಟ್ಟು ಸರಿ ಮಾಡಿ. ತುಂಬಿದ ಟ್ಯಾಂಕು ಇರುವಾಗಲೇ ಸ್ಟ್ಯಾಂಡನ್ನು ಸನ್ನೆ ಹಾಕಿ ಎತ್ತುವ ಧೈರ್ಯ ಬೇಡ.

ವೆಲ್ಡಿಂಗ್ ಶಾಪಿನ ಕಬ್ಬಿಣದ ಆಂಗಲ್ ಸ್ಟ್ಯಾಂಡು ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಶಂಕರನಾರಾಯಣ, ಸಿದ್ದಾಪುರದಂಥ ಒಳನಾಡಿನವರಿಗೆ ಅದು ಬೇಗ ಆಗುವ ಕೆಲಸ, ಬಣ್ಣ ಸರಿಯಾಗಿ ಹೊಡೆಸಿದರೆ ಬಾಳಿಕೆಯೂ ಬರುತ್ತದೆ. ಕಡಲ ಬದಿಯಲ್ಲಾದರೆ ಬೆಸುಗೆಯ ಜಾಗದಲ್ಲಿ ತುಕ್ಕು ಎದ್ದದ್ದನ್ನು ಪ್ರತಿ ಬೇಸಿಗೆ ಉಜ್ಜಿ ಬಣ್ಣ ಹೊಡೆಯಬೇಕು, ಟ್ಯಾಂಕು ಇಳಿಸದೆ ಅದು ಆಗುವ ಮಾತಲ್ಲ.

ಸ್ಟ್ಯಾಂಡು ಕೂತಾದ ಮೇಲೆ ತಿಂಗಳಿಗೊಮ್ಮೆ, ನೀರು ಬದಲಿಸುವ ದಿನ, ಟಾರ್ಚ್ ಹಿಡಿದು ಹಿಂಬದಿ ಮತ್ತು ಕಾಲಿನ ಅಡಿ ನೋಡಿ. ಕಲ್ಲಿನ ಮೇಲೆ ಮಣ್ಣಿನ ಗೆರೆ, ಪ್ಲೈ ಅಂಚಿನಲ್ಲಿ ಉಬ್ಬು, ಥರ್ಮಾಕೋಲ್ ಒಂದೇ ಕಡೆ ಒತ್ತಿ ತೆಳುವಾದದ್ದು, ಮೂಲೆಯಲ್ಲಿ ಹೊಸ ಸಂದು ಈ ಯಾವುದು ಕಂಡರೂ ಮೊದಲು ಸ್ವಿಚ್ ಆಫ್ ಮಾಡಿ. ಮೀನನ್ನು ಅದೇ ನೀರಿನ ಜೊತೆ ಬಕೆಟಿಗೆ ಹಾಕಿ, ಮೋಟಾರಿನ ಗಾಳಿ ಪೈಪನ್ನೂ ಬಕೆಟಿಗೆ ಬಿಟ್ಟು ಬೇರೆ ಪ್ಲಗ್ಗಿನಿಂದ ಓಡಿಸಿ. ನೀರನ್ನು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಸಿದ ಮೇಲೆಯೇ ಕೆಳಗೆ ಕೈ ಹಾಕಿ. ಟ್ಯಾಂಕು ಎತ್ತಿ ಬೇರೆ ಕಡೆ ಇಡಬೇಕಾದರೆ ಉಳಿದ ನೀರು, ಜಲ್ಲಿ ಎಲ್ಲ ತೆಗೆದು, ಇಬ್ಬರು ತಳಕ್ಕೆ ಕೈ ಕೊಟ್ಟು ಎತ್ತಬೇಕು, ಮೇಲಿನ ಅಂಚು ಹಿಡಿದಲ್ಲ.